ಕವಿತೆ ಯಾರನ್ನು ಕರೆಯುತ್ತಿದೆ? ರಾಯಚೂರಿನ ಕ್ಲಾಸಿನಲ್ಲಿ ನಗರದ ಕವಿತೆ ಓದಿಸಿದ ನನ್ನ ಅನುಭವ

ನವ್ಯ ಕಾವ್ಯದ, ಅಂದರೆ ಕಳೆದ ಶತಮಾನದ ನಡುವೆ ಬಂದ ಹೊಸ ಬಗೆಯ ಕನ್ನಡ ಕವಿತೆಯ, ಪಾಠ ಬಂತೆಂದರೆ ನಮ್ಮ ಹುಡುಗರ ಕೈಗೆ ಮೊದಲು ಸಿಗುವುದು ಗೈಡು. ಕವಿತೆ ಆಮೇಲೆ. ಗೈಡಿನಲ್ಲಿ ನಾಲ್ಕು ಮಾತು ಇದ್ದೇ ಇರುತ್ತವೆ: ನಗರ ಜೀವನದ ಯಾಂತ್ರಿಕತೆ, ಪರಕೀಯತೆ, ಅನಾಥಪ್ರಜ್ಞೆ, ಮೌಲ್ಯಗಳ ಕುಸಿತ. ಇವನ್ನು ಯಾವ ನವ್ಯ ಕವಿಯ ಹೆಸರಿನ ಕೆಳಗೆ ಬರೆದರೂ ನಡೆಯುತ್ತದೆ. ನಾನು ರಾಯಚೂರಿನಲ್ಲಿ ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡುತ್ತೇನೆ. ಈ ನಾಲ್ಕು ಮಾತು ಪಕ್ಕಕ್ಕಿಟ್ಟು, ಬರೀ ಕವಿತೆ ಹಿಡಿದುಕೊಂಡು ಪಾಠ ಮಾಡುವ ದಾರಿ ಹುಡುಕುತ್ತಾ ಬಂದೆ. ಹೇಗೆ ಮಾಡಿದೆ, ಏನಾಯಿತು ಎಂದು ಇಲ್ಲಿ ಬರೆದಿದ್ದೇನೆ. ಇದೇ ಪಾಠ ಮಾಡುವವರಿಗೆ ಉಪಯೋಗಕ್ಕೆ ಬಂದೀತು.

‘ರಾಯಚೂರಿನ ಹುಡುಗರಿಗೆ ಮಹಾನಗರದ ಒಂಟಿತನ ಎಲ್ಲಿ ಗೊತ್ತಾಗಬೇಕು ಮೇಡಂ’ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವಿನ ನೆಲ ನಮ್ಮದು. ಕಾಲುವೆ ನೀರು ಬಂದಲ್ಲಿ ಭತ್ತ. ಬಾರದ ಕಡೆ, ಮಳೆ ಕೈಕೊಟ್ಟರೆ ಬೆಂಗಳೂರಿನ ರಾತ್ರಿ ಬಸ್ಸು. ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯಿಂದ ಬರುವ ಮಕ್ಕಳಲ್ಲಿ ಅಪ್ಪ ಅವ್ವ ಗುಳೆ ಹೋದವರು ಎಷ್ಟೋ ಜನ. ಅವರು ಅಲ್ಲಿ ಕಟ್ಟಡ ಕೆಲಸಕ್ಕೆ ನಿಂತು ತಗಡಿನ ಶೆಡ್ಡಿನಲ್ಲಿರುತ್ತಾರೆ. ಮಕ್ಕಳು ಇಲ್ಲಿ ಮುತ್ಯಾನ ಜೊತೆ ಇರುತ್ತಾರೆ, ಇಲ್ಲವೇ ಹಾಸ್ಟೆಲಿನಲ್ಲಿ. ದೊಡ್ಡ ನಗರ ಇವರ ಮನೆಗೆ ಬಂದಾಗಿದೆ. ಕವಿತೆಯಲ್ಲಿ ಬರುವ ನಗರವೂ ಅದೇ ಎಂದು ಯಾರೂ ಹೇಳಿರಲಿಲ್ಲ, ಅಷ್ಟೇ.

ಕನ್ನಡ ಪಾಠವಾದರೂ ನಾನು ಶುರು ಮಾಡುವುದು ಲಂಡನ್ನಿನಿಂದ. ಇಂಗ್ಲಿಷಿನ ಕವಿ ಟಿ. ಎಸ್. ಎಲಿಯಟ್‌ನ ‘ದ ವೇಸ್ಟ್ ಲ್ಯಾಂಡ್’ 1922ರಲ್ಲಿ ಬಂತು. ಐದು ಭಾಗಗಳ ಕವಿತೆ. ಇಡೀ ಕವಿತೆ ನಮಗೆ ಬೇಡ. ಮೊದಲ ಭಾಗದ ಕೊನೆಯಲ್ಲಿ ಜನ ಲಂಡನ್ ಸೇತುವೆ ದಾಟುವ ಸಾಲುಗಳಿವೆಯಲ್ಲ, ಅವು ಸಾಕು. ಕವಿಯ ಜೀವನದಿಂದಲೂ ಒಂದೇ ಸಂಗತಿ ಹೇಳುತ್ತೇನೆ. 1917ರಿಂದ 1925ರವರೆಗೆ ಅವನು ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ನೌಕರ. ಅಂದರೆ ಆ ಗುಂಪು ಅವನು ದಿನಾ ಕಂಡದ್ದು, ಅದರೊಳಗೆ ತಾನೂ ನಡೆದದ್ದು.

ಸಾಲುಗಳನ್ನು ಇಂಗ್ಲಿಷಿನಲ್ಲಿ ಒಮ್ಮೆ ಓದುತ್ತೇನೆ. ಆಮೇಲೆ ಒಂದೊಂದೇ ಸಾಲಿನ ತಿರುಳನ್ನು ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ. ಚಳಿಗಾಲದ ಬೆಳಗು. ಕಂದು ಬಣ್ಣದ ಮಂಜು. ಸೇತುವೆಯ ಮೇಲೆ ಹೊಳೆಯ ಹಾಗೆ ಜನ. ಸಾವು ಇಷ್ಟು ಮಂದಿಯನ್ನು ಮುಗಿಸಿತ್ತು ಎಂದು ತಿಳಿದಿರಲಿಲ್ಲ ಅನ್ನುತ್ತಾನೆ. ಇದು ಇಟಲಿಯ ಕವಿ ಡಾಂಟೆ ನರಕದ ಬಾಗಿಲಲ್ಲಿ ಕಂಡ ಗುಂಪಿನ ಬಗ್ಗೆ ಹೇಳಿದ ಮಾತು. ಎಲಿಯಟ್ ಅದನ್ನು ಆಫೀಸಿಗೆ ಹೋಗುವವರ ಮೇಲೆ ಇಟ್ಟಿದ್ದಾನೆ. ಪ್ರತಿಯೊಬ್ಬನ ಕಣ್ಣೂ ತನ್ನ ಪಾದದ ಮುಂದಿನ ನೆಲದ ಮೇಲೆ. ಸೇಂಟ್ ಮೇರಿ ವುಲ್ನಾತ್ ಎಂಬ ಚರ್ಚಿನ ಗಂಟೆ ಒಂಬತ್ತು ಹೊಡೆಯುತ್ತದೆ. ಒಂಬತ್ತನೆಯ ಏಟಿಗೆ ಜೀವವಿಲ್ಲದ ಸದ್ದು. ಈ ಸದ್ದನ್ನು ತಾನು ಎಷ್ಟೋ ಸಲ ಗಮನಿಸಿದ್ದೇನೆ ಎಂದು ಎಲಿಯಟ್ ಕವಿತೆಗೆ ತಾನೇ ಬರೆದ ಟಿಪ್ಪಣಿಯಲ್ಲಿ ಹೇಳಿಕೊಂಡಿದ್ದಾನೆ. ಪ್ರಾರ್ಥನೆಗೆ ಕರೆಯಬೇಕಾದ ಗಂಟೆ ಆಫೀಸಿನ ಹೊತ್ತು ಹೇಳುತ್ತಿದೆ. ನಗರದ ಒಂಟಿತನ, ದೇವರಿಲ್ಲದ ಖಾಲಿತನ ಎರಡೂ ಆ ಒಂದು ಏಟಿನಲ್ಲಿ ಸೇರಿವೆ.

ಶಕ್ತಿನಗರದಿಂದ ಬರುವ ಹುಡುಗನಿಗೆ ಕಂದು ಮಂಜು ಎಂದರೇನು ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ‘ಹಾರುಬೂದಿ ಇದ್ದಂಗ್ರಿ ಮೇಡಂ’ ಎಂದ. ಥರ್ಮಲ್ ಸ್ಥಾವರದ ಪಕ್ಕ ಬೆಳೆದವನ ಮಾತು. ಲಂಡನ್ನಿನ ಮಂಜಿಗೂ ಕಲ್ಲಿದ್ದಲ ಹೊಗೆಯೇ ಬಣ್ಣ ಕೊಟ್ಟದ್ದು. ಅವನ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: ‘ಇಷ್ಟು ಮಂದಿ ಹೊಂಟಾರ, ಒಬ್ಬರಿಗೊಬ್ಬರು ಮಾತಾಡವಲ್ರು ಯಾಕ್ರಿ?’

ಆ ಪ್ರಶ್ನೆ ಸುಮ್ನೆ ಬಂದದ್ದಲ್ಲ. ಮುಂದಿನ ಸಾಲುಗಳಲ್ಲಿ ಇರುವುದು ಅದೇ. ಗುಂಪಿನಲ್ಲಿ ಪರಿಚಯದವನೊಬ್ಬ ಕಾಣುತ್ತಾನೆ. ಹೇಳುವವನು ‘ಸ್ಟೆಟ್ಸನ್!’ ಎಂದು ಕೂಗಿ ನಿಲ್ಲಿಸುತ್ತಾನೆ. ಹೋದ ವರ್ಷ ನಿನ್ನ ತೋಟದಲ್ಲಿ ಹೂತ ಹೆಣ ಚಿಗುರೊಡೆಯಿತೇ ಎಂದು ಕೇಳುತ್ತಾನೆ. ಸ್ಟೆಟ್ಸನ್ ಉತ್ತರ ಕೊಡುವುದಿಲ್ಲ. ಆಮೇಲೆ ಕವಿತೆ ತಟ್ಟನೆ ಓದುಗನ ಕಡೆ ತಿರುಗಿ ‘ನೀನು!’ ಎನ್ನುತ್ತದೆ. ಕಪಟಿ ಓದುಗ, ನನ್ನಂಥವನೇ, ನನ್ನ ಸೋದರನೇ ಎಂದು ಕರೆಯುತ್ತದೆ. ಈ ಕರೆ ಫ್ರೆಂಚ್ ಕವಿ ಬೋದಿಲೇರ್‌ನದು, 1857ರ ಅವನ ಸಂಕಲನದ ಮುನ್ನುಡಿ ಕವಿತೆಯ ಕೊನೆಯ ಸಾಲು. ಅಲ್ಲಿಗೆ ಮೊದಲ ಭಾಗ ಮುಗಿಯಿತು. ಯಾರೂ ಓಗೊಡಲಿಲ್ಲ.

ಇಲ್ಲಿಂದ ನನ್ನ ಪಾಠಕ್ಕೆ ಒಂದು ಹಿಡಿ ಸಿಕ್ಕಿತು. ಯಾವ ಕವಿತೆ ಬಂದರೂ ಮೊದಲು ಒಂದೇ ಪ್ರಶ್ನೆ: ಇದನ್ನು ಯಾರಿಗೆ ಹೇಳುತ್ತಿದ್ದಾರೆ, ಅವರು ಕೇಳಿಸಿಕೊಳ್ಳುತ್ತಿದ್ದಾರಾ? ಈ ಕವಿತೆಗಳ ಖಾಲಿತನವನ್ನು ಜನರ ಕೊರತೆ ಎಂದು ನಾನು ಓದುವುದಿಲ್ಲ. ಜನ ಬೇಕಾದಷ್ಟಿದ್ದಾರೆ. ಕರೆದರೆ ಓ ಎನ್ನುವವರಿಲ್ಲ.

ಎರಡನೆಯ ಭಾಗದಲ್ಲಿ ಇದನ್ನು ಕಣ್ಣಿಂದಲೇ ಕಾಣಬಹುದು. ಒಂದು ಕೋಣೆ, ಒಬ್ಬಳು ಹೆಂಗಸು, ಒಬ್ಬ ಗಂಡಸು. ಇವತ್ತು ನನ್ನ ನರಗಳು ಸರಿಯಿಲ್ಲ, ಜೊತೆಗಿರು, ಮಾತಾಡು, ಯಾಕೆ ಯಾವತ್ತೂ ಮಾತಾಡುವುದಿಲ್ಲ, ಏನು ಯೋಚಿಸುತ್ತಿದ್ದೀಯ ಎಂದು ಅವಳು ಒಂದೇ ಸಮ ಕೇಳುತ್ತಾಳೆ. ನಾವು ಇಲಿಗಳ ಓಣಿಯಲ್ಲಿದ್ದೇವೆ ಅನಿಸುತ್ತದೆ, ಸತ್ತವರು ತಮ್ಮ ಮೂಳೆಗಳನ್ನು ಕಳೆದುಕೊಂಡ ಜಾಗ ಅದು ಎಂಬುದು ಅವನ ಕಡೆಯಿಂದ ಬರುವ ಸಾಲು. ಈಗ ಪುಟವನ್ನು ಹತ್ತಿರದಿಂದ ನೋಡಬೇಕು. ಅವಳ ಮಾತಿಗೆ ಉದ್ಧರಣ ಚಿಹ್ನೆ ಇದೆ. ಅವನ ಮಾತಿಗೆ ಇಲ್ಲ. ಅಂದರೆ ಅವನು ಬಾಯಿ ತೆರೆದೇ ಇಲ್ಲ. ಅವನ ಉತ್ತರವನ್ನು ನಾವು ಓದುತ್ತೇವೆ. ಪಕ್ಕದಲ್ಲೇ ಕೂತ ಅವಳಿಗೆ ಅದು ಕೇಳುವುದಿಲ್ಲ.

ಇದನ್ನು ವಿವರಿಸುವುದಕ್ಕಿಂತ ಮಾಡಿಸುವುದು ಒಳ್ಳೆಯದು. ಒಬ್ಬ ಹುಡುಗಿಗೆ ಅವಳ ಸಾಲು ಕೊಟ್ಟೆ, ಒಬ್ಬ ಹುಡುಗನಿಗೆ ಅವನ ಸಾಲು. ಅವಳು ಜೋರಾಗಿ ಓದಬೇಕು. ಅವನು ಎದ್ದು ನಿಂತು ಮನಸ್ಸಿನಲ್ಲಿ ಓದಿಕೊಳ್ಳಬೇಕು. ಅವನು ಓದಿ ಮುಗಿಸಿದ್ದೇನೆ ಎಂದು ತಲೆ ಎತ್ತುವವರೆಗೆ ಅವಳು ಮುಂದಿನ ಸಾಲಿಗೆ ಹೋಗುವಂತಿಲ್ಲ. ಮೊದಲ ಸಲ ಕ್ಲಾಸು ನಕ್ಕಿತು. ಎರಡನೆಯ ಸಲದ ಮೌನಕ್ಕೆ ಯಾರೂ ನಗಲಿಲ್ಲ. ಓದುತ್ತಿದ್ದ ಹುಡುಗಿ ನಿಲ್ಲಿಸಿ, ‘ಮೇಡಂ, ಇವನಿಗೆ ಏನರ ಒಂದು ಮಾತಾಡಂತ ಹೇಳ್ರಿ’ ಎಂದಳು. ಪರಕೀಯತೆಯ ಬಗ್ಗೆ ನಾನು ಮಾಡಬೇಕಿದ್ದ ಅರ್ಧ ಪಾಠ ಅಲ್ಲಿಗೆ ಮುಗಿದಿತ್ತು.

ಆಮೇಲೆ ನಾನು ಲಂಡನ್ ಬಿಟ್ಟು ಹನ್ನೆರಡನೆಯ ಶತಮಾನಕ್ಕೆ ಬರುತ್ತೇನೆ. ಅಕ್ಕನ ವಚನ ಎಲ್ಲರಿಗೂ ಬಾಯಿಪಾಠ. ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದಡೆಂತಯ್ಯಾ, ಸಮುದ್ರದ ತಡಿಯಲ್ಲೊಂದು ಮನೆಯ ಮಾಡಿ ನೊರೆತೆರೆಗಳಿಗಂಜಿದಡೆಂತಯ್ಯಾ, ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದಡೆಂತಯ್ಯಾ. ವಚನವನ್ನು ಪೂರ್ತಿ ಬೋರ್ಡಿನ ಮೇಲೆ ಬರೆದು, ಚೆನ್ನಮಲ್ಲಿಕಾರ್ಜುನನ ಸಾಲಿನಿಂದ ಕೆಳಗಿನದನ್ನೆಲ್ಲ ಒರೆಸಿಬಿಟ್ಟೆ. ಉಳಿದದ್ದನ್ನು ಹೊಸ ಕವಿತೆ ಅಂದುಕೊಂಡು ಓದಿ ಎಂದೆ. ಓದಿದರು. ಮೂರು ಮನೆ, ಮೂರರಲ್ಲೂ ನೆಮ್ಮದಿಯಿಲ್ಲ, ಮೂರನೆಯದು ಊರ ಗದ್ದಲದ ನಡುವೆ. ನವ್ಯ ಕವಿತೆಯಂತೆಯೇ ಕೇಳಿಸಿತು. ಆಗ ಮಾನ್ವಿ ಕಡೆಯ ಹುಡುಗನೊಬ್ಬ ಎದ್ದ. ‘ಮೇಡಂ, ಆ ಅಯ್ಯಾ ಇನ್ನಾ ಅಲ್ಲೇ ಅದಾನ್ರಿ, ಅವನ್ನೂ ಒರಸ್ರಿ’ ಎಂದ.

ಅವನ ಮಾತು ಸರಿ. ಮೂರು ಸಾಲಿನ ಕೊನೆಯಲ್ಲೂ ಅಯ್ಯಾ ಕೂತಿದ್ದಾನೆ. ಅದನ್ನೂ ಒರೆಸಿದೆ. ‘ಅಂಜಿದಡೆಂತು’ ಎಂದಷ್ಟೇ ಉಳಿಯಿತು. ಪ್ರಶ್ನೆ ಇದೆ, ಕೇಳಿಸಿಕೊಳ್ಳುವವನಿಲ್ಲ. ಒರೆಸಿದ್ದನ್ನು ಮತ್ತೆ ಬರೆದಾಗ ಹುಡುಗರಿಗೇ ಕಂಡಿತು: ‘ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ’ ಎಂದ ಮೇಲೆಯೇ ಅಕ್ಕನಿಗೆ ಲೋಕದಲ್ಲಿ ಸಮಾಧಾನಿಯಾಗಿರಬೇಕು ಎನ್ನುವ ಧೈರ್ಯ ಬರುವುದು. ಸಂತೆಯ ಗದ್ದಲ ಅವಳಿಗೂ ಇತ್ತು. ಹೇಳಿಕೊಳ್ಳಲು ಒಬ್ಬನಿದ್ದ.

ರಾಯಚೂರು ದಾಸರ ನೆಲ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ ನಮಗೆ ದೂರದ ಊರುಗಳಲ್ಲ. ಭಜನೆ ಮಂಡಳಿಯಲ್ಲಿ ಹಾಡುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಒಬ್ಬಳ ಕೈಲಿ ವಿಜಯದಾಸರ ‘ಸದಾ ಎನ್ನ ಹೃದಯದಲ್ಲಿ ವಾಸ ಮಾಡೋ ಶ್ರೀಹರೇ’ ಹಾಡಿಸಿದೆ. ಖಾಲಿ ಬಿದ್ದ ಹೃದಯಕ್ಕೆ ಬಂದು ನೆಲೆಸು ಎಂದು ಕರೆಯುವ ಹಾಡು ಅದು. ಕೊನೆಯ ನುಡಿ ಬಂತು: ‘ನಿನ್ನ ನಾನು ಬಿಡುವನಲ್ಲ, ಎನ್ನ ನೀನು ಬಿಡಲು ಸಲ್ಲ’. ನಾನೂ ಬಿಡೆನು, ನೀನೂ ಬಿಡಬಾರದು. ಎರಡೂ ಕಡೆಯಿಂದ ಹಿಡಿದ ಕೈ. ಕೊನೆಗೆ ವಿಜಯವಿಠಲನಿಗೆ ನಿನ್ನ ಭಕ್ತರ ಮಾತು ಕೇಳೋ ಎಂಬ ಬೇಡಿಕೆ. ದಾಸರು ದುಃಖ ಪಡಲಿಲ್ಲ ಅಂತಲ್ಲ, ಬೇಕಾದಷ್ಟು ಅತ್ತಿದ್ದಾರೆ. ಅಂಕಿತ ಅಂದರೆ ಆ ಅಳುವನ್ನು ಕೇಳುವವನ ಹೆಸರು. ನವ್ಯ ಕವಿತೆ ಹುಟ್ಟುವ ಹೊತ್ತಿಗೆ ಆ ಜಾಗ ಖಾಲಿಯಾಗಿತ್ತು.

ಇದಾದ ಮೇಲೆಯೇ ನಾನು ನವ್ಯ ಕವಿ ಗೋಪಾಲಕೃಷ್ಣ ಅಡಿಗರಿಗೆ ಬರುವುದು. ನೇರವಾಗಿ ಅವರಿಂದ ಶುರು ಮಾಡಿದರೆ ಹುಡುಗರು ಮಾತಿನ ಬಿರುಸಿಗೇ ಹೆದರುತ್ತಾರೆ. ಈ ದಾರಿಯಲ್ಲಿ ಬಂದರೆ ಎಲ್ಲಿ ಕಿವಿಗೊಡಬೇಕು ಎಂದು ಗೊತ್ತಿರುತ್ತದೆ. ‘ಏನಾದರೂ ಮಾಡುತಿರು ತಮ್ಮ’ ಎಂಬ ಕವಿತೆಯಲ್ಲಿ ಒಬ್ಬ ಇನ್ನೊಬ್ಬನಿಗೆ ಸುಮ್ಮನಿರಬೇಡ, ಏನಾದರೂ ಮಾಡು ಎನ್ನುತ್ತಲೇ ಇರುತ್ತಾನೆ. ಗಿಡ ಕೀಳು, ಹೂ ಹೊಸಕು, ಕೈಗೆ ಸಿಕ್ಕಿದ್ದನ್ನು ಹಾಳುಮಾಡು, ಖಾಲಿ ಮಾತ್ರ ಕೂರಬೇಡ. ‘ತಮ್ಮ ಏನಂದ?’ ಎಂದು ಕೇಳಿದೆ. ಪುಟ ತಿರುಗಿಸಿ ನೋಡಿದರು. ತಮ್ಮ ಏನೂ ಅನ್ನುವುದಿಲ್ಲ. ಒಳಗಿನ ಖಾಲಿತನ ಕಾಣದಿರಲಿ ಎಂದು ಕೈ ಆಡಿಸುತ್ತಲೇ ಇರುವವರನ್ನು ನಾನು ರಾಯಚೂರಿನಲ್ಲೂ ನೋಡಿದ್ದೇನೆ, ಬೆಂಗಳೂರಿನಲ್ಲೂ ನೋಡಿದ್ದೇನೆ. ಈಗ ಆ ಕೈಯಲ್ಲಿ ಮೊಬೈಲು ಇರುತ್ತದೆ.

‘ಶ್ರೀರಾಮನವಮಿಯ ದಿವಸ’ ಇನ್ನೂ ದೊಡ್ಡ ಕವಿತೆ. ಪಾನಕ ಕೋಸಂಬರಿಯ ಹಬ್ಬ ನಡೆದೇ ಇದೆ. ಆದರೆ ರಾಮ ಎಲ್ಲಿ? ಕವಿ ಕೊನೆಗೆ ವಾಲ್ಮೀಕಿಯ ಹುತ್ತಕ್ಕೆ ಬರುತ್ತಾರೆ. ಚಿತ್ತವೇ ಹುತ್ತಗಟ್ಟದಿದ್ದರೆ ಪುರುಷೋತ್ತಮನ ಆ ರೂಪ ಮತ್ತೆ ಮೂಡೀತೇ ಎಂದು ಕೇಳುತ್ತಾರೆ. ದೇವರಿಲ್ಲ ಎಂದು ಕೈತೊಳೆದುಕೊಳ್ಳುವ ಕವಿತೆ ಇದಲ್ಲ. ಮತ್ತೆ ಕಾಣಬೇಕಾದರೆ ನಾನು ಎಷ್ಟು ಹೊತ್ತು ಅಲುಗಾಡದೆ ಕೂರಬೇಕು ಎಂಬ ಪ್ರಶ್ನೆ. ಗೈಡಿನ ‘ಮೌಲ್ಯಗಳ ಕುಸಿತ’ ಇದನ್ನು ಮುಟ್ಟುವುದೇ ಇಲ್ಲ, ಅದಕ್ಕೇ ನನಗೆ ಅದರ ಮೇಲೆ ಇಷ್ಟು ಕೋಪ. ಎಲಿಯಟ್ ಕೂಡ ಖಾಲಿತನದಲ್ಲೇ ಕೂತು ಬಿಡಲಿಲ್ಲ. 1927ರಲ್ಲಿ ಇಂಗ್ಲೆಂಡಿನ ಚರ್ಚಿಗೆ ಸೇರಿದ, 1930ರಲ್ಲಿ ‘ಆ್ಯಶ್ ವೆಡ್ನೆಸ್‌ಡೇ’ ಬರೆದ.

‘ವೇಸ್ಟ್ ಲ್ಯಾಂಡ್’ನ ಐದನೆಯ ಭಾಗ ನಮ್ಮ ಮಕ್ಕಳಿಗೆ ಸಲೀಸು. ನೀರಿಲ್ಲ, ಬರೀ ಬಂಡೆ, ಮಳೆಯಿಲ್ಲದ ಒಣ ಗುಡುಗು. ಬೇಸಿಗೆಯ ರಾಯಚೂರಿನಲ್ಲಿ ಕೂತವರಿಗೆ ಅದಕ್ಕೆ ಟಿಪ್ಪಣಿ ಬೇಡ. ಗುಡುಗಿನ ಮಾತು ಬೃಹದಾರಣ್ಯಕ ಉಪನಿಷತ್ತಿನದು. ಪ್ರಜಾಪತಿ ತನ್ನ ಮೂರು ಬಗೆಯ ಮಕ್ಕಳಿಗೆ ‘ದ’ ಎಂಬ ಒಂದೇ ಅಕ್ಷರ ಹೇಳುತ್ತಾನೆ. ದೇವತೆಗಳು ಮನಸ್ಸನ್ನು ಹಿಡಿತದಲ್ಲಿಡು ಎಂದು ತಿಳಿಯುತ್ತಾರೆ, ಮನುಷ್ಯರು ಕೊಡು ಎಂದು, ಅಸುರರು ದಯೆ ತೋರು ಎಂದು. ಪ್ರತಿ ಸಲವೂ ಅಪ್ಪ ‘ತಿಳಿಯಿತಾ?’ ಎಂದು ಕೇಳುತ್ತಾನೆ, ಮಕ್ಕಳು ‘ತಿಳಿಯಿತು’ ಎನ್ನುತ್ತಾರೆ. ಎಲಿಯಟ್‌ನಲ್ಲಿ ಗುಡುಗು ಇದೆ, ಈ ಕೇಳಿ ಹೇಳುವ ಅಪ್ಪ ಮಕ್ಕಳು ಇಲ್ಲ. ದಯೆಯ ಮಾತು ಬಂದ ಕಡೆ ಅವನು ಬೀಗದ ಕೈ ತಿರುಗುವ ಸದ್ದು ಇಡುತ್ತಾನೆ. ಒಬ್ಬೊಬ್ಬನೂ ತನ್ನ ಸೆರೆಮನೆಯಲ್ಲಿ ಕೂತು ಆ ಬೀಗದ ಕೈಯನ್ನೇ ನೆನೆಯುತ್ತಾನೆ.

ಇಷ್ಟು ಓದಿದ ಮೇಲೆ ಬರೆಯಲು ಒಂದು ಕೆಲಸ ಕೊಡುತ್ತೇನೆ. ನೀವು ಕೇಳಿದ ಒಂದು ಮಾತುಕತೆ ಬರೆಯಿರಿ, ಅದರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿರಬಾರದು. ಅರ್ಥ ವಿವರಿಸಬಾರದು, ದುಃಖ ಎಂಬ ಪದ ಬಳಸಬಾರದು. ದೇವದುರ್ಗ ಕಡೆಯ ಹುಡುಗಿ ಬೆಂಗಳೂರಿನಲ್ಲಿರುವ ಅವ್ವನ ಫೋನ್ ಬರೆದಿದ್ದಳು. ‘ಉಂಡ್ಯಾ?’ ‘ಹ್ಞೂಂ. ನೀ?’ ‘ಹ್ಞೂಂ. ಮಲಕ್ಕೊ.’ ದಿನಾ ಇಷ್ಟೇ. ಅದರ ಕೆಳಗೆ ಇನ್ನೊಂದು ಸಂಗತಿ ಬರೆದಿದ್ದಳು. ಅವ್ವ ಇಟ್ಟಿಗೆ ಹೊತ್ತು ಕಟ್ಟಿದ ಅಪಾರ್ಟ್‌ಮೆಂಟು ಮುಗಿಯಿತು. ಒಳಗೆ ಬಿಟ್ಟ ಬಾಂಡ್ಲಿ ತರಲು ಹೋದರೆ ಗೇಟಿನಲ್ಲಿ ಸೆಕ್ಯೂರಿಟಿಯವನು ಯಾರ ಮನೆಗೆ ಎಂದು ಕೇಳಿದ. ಅವ್ವನಿಗೆ ಹೇಳಲು ಒಂದು ಹೆಸರೂ ಗೊತ್ತಿರಲಿಲ್ಲ. ನಾನು ಅದನ್ನು ಕ್ಲಾಸಿನಲ್ಲಿ ಓದಬಹುದಾ ಎಂದು ಅವಳನ್ನು ಕೇಳಿ, ಒಪ್ಪಿದ ಮೇಲೆ ಓದಿದೆ.

ಪರೀಕ್ಷೆಯ ವಿಷಯದಲ್ಲಿ ನನ್ನದು ಸರಳ ಒಪ್ಪಂದ. ಗೈಡಿನ ಪದ ಬರೆಯಿರಿ, ಆದರೆ ಪ್ರತಿ ಪದದ ಕೆಳಗೆ ಕವಿತೆಯ ಒಂದು ಸಾಲು ತೋರಿಸಿ. ಸಾಲು ಸಿಗದಿದ್ದರೆ ಪದ ಬಿಡಿ. ಇದು ಎಲ್ಲರ ಕೈಲೂ ಆಗುತ್ತದೆ.

ಆ ಫೋನಿನ ಬರಹ ಓದಿದ ದಿನ ಒಂದು ಜಗಳ ಎದ್ದಿತು. ಅದನ್ನು ಬಿಟ್ಟರೆ ನನ್ನ ಅನುಭವ ಪೂರ್ತಿ ಹೇಳಿದಂತಾಗುವುದಿಲ್ಲ. ಕೊನೆಯ ಬೆಂಚಿನ ಹುಡುಗನೊಬ್ಬ, ರಜೆಯಲ್ಲಿ ತಾನೂ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುವವನು, ಎದ್ದು ನಿಂತ. ‘ಮೇಡಂ, ಊರಾಗ ನನ್ನ ಎಲ್ಲಾರೂ ಕರೀತಾರ್ರಿ. ಯಾವ ಕೇರಿಯಂವ ಅಂತ ಗೊತ್ತಿದ್ದೇ ಕರೀತಾರ. ಅಲ್ಲಿ ಯಾರೂ ಕೇಳಂಗಿಲ್ಲ. ಹೋಟೆಲ್ಲಿನ್ಯಾಗ ಎಲ್ಲಾರ ಜೋಡಿ ಕುಂತು ಚಾ ಕುಡೀತೀನಿ. ಯಾರೂ ಕೇಳದಿರೋದು ನನಗ ಚೊಲೋ ಅನಸ್ತದ್ರಿ.’

ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ, ಇರಲೂಬಾರದು. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಸಂಕುಚಿತತನದ, ಅಜ್ಞಾನದ ಗೂಡು ಎಂಬ ಅರ್ಥದಲ್ಲಿ ಕಟುವಾಗಿ ಮಾತಾಡಿದ್ದು ಇದೇ ಕಾರಣಕ್ಕೆ. ನವ್ಯ ಕವಿ ನಗರದಲ್ಲಿ ಕಳೆದುಕೊಂಡೆ ಎಂದು ಅಳುವ ಬಂಧ, ಇನ್ನೊಬ್ಬನಿಗೆ ಬಿಗಿದ ಹಗ್ಗವಾಗಿತ್ತು. ಕನ್ನಡದಲ್ಲಿ ಈ ಮಾತನ್ನು ದಲಿತ ಬಂಡಾಯದ ಕವಿಗಳು ಎತ್ತಿದರು. ಸಿದ್ಧಲಿಂಗಯ್ಯ ಅವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು, ಬಂಡಾಯ ಸಾಹಿತ್ಯ ಸಂಘಟನೆ ಶುರುವಾದದ್ದು 1979ರಲ್ಲಿ. ‘ನನ್ನ ಜನಗಳು’ ಕವಿತೆಯಲ್ಲಿ ಬರುವುದು ಹಸಿವಿನಿಂದ ಸತ್ತವರು, ಸೈಜುಗಲ್ಲು ಹೊತ್ತವರು. ಗೇಟಿನ ಹೊರಗೆ ನಿಂತ ಆ ಅವ್ವನ ಮಂದಿ ಇವರು. ಅಲ್ಲಿ ‘ನಾನು’ ಒಬ್ಬನೇ ಇಲ್ಲ. ಕರೆಯುವ ದನಿಗೆ ಒಂದು ಇಡೀ ಕೇರಿ ಓಗೊಡುತ್ತದೆ. ಹಾಗಾಗಿ ಈಗ ಅಡಿಗರ ಕವಿತೆಯ ಮರುದಿನವೇ ಈ ಕವಿತೆ ಓದಿಸುತ್ತೇನೆ. ನಡುವೆ ಜಾಸ್ತಿ ದಿನ ಬಿಡಬಾರದು, ಬಿಟ್ಟರೆ ಒಂದು ಇನ್ನೊಂದರ ಜೊತೆ ಮಾತಾಡುವುದಿಲ್ಲ.

ಆ ಹುಡುಗನೂ ದೇವದುರ್ಗದ ಹುಡುಗಿಯೂ ಬಸ್‌ಸ್ಟ್ಯಾಂಡಿನವರೆಗೂ ವಾದ ಮಾಡುತ್ತಾ ಹೋದರಂತೆ. ಇಬ್ಬರ ಮಾತೂ ನಿಜ. ಅಪರಿಚಿತನಾಗಿರುವುದು ನೋವೂ ಹೌದು, ಬಿಡುಗಡೆಯೂ ಹೌದು. ಎರಡನ್ನೂ ಒಟ್ಟಿಗೆ ಹಿಡಿದ ಕವಿತೆ ಬೋದಿಲೇರ್‌ನಲ್ಲಿದೆ. ಕಿವಿ ಕಿತ್ತುಹೋಗುವ ಬೀದಿ ಗದ್ದಲದ ನಡುವೆ ಶೋಕದ ಉಡುಪಿನ ಹೆಂಗಸೊಬ್ಬಳು ಹಾದು ಹೋಗುತ್ತಾಳೆ. ಒಂದು ಮಿಂಚು, ಆಮೇಲೆ ಕತ್ತಲೆ. ಅವಳು ಯಾರೋ, ಎಲ್ಲಿ ಹೋದಳೋ, ಆದರೂ ಕವಿ ಅವಳನ್ನೇ ನೀನು ಎಂದು ಕರೆಯುತ್ತಾನೆ. ಅಂಥ ಹೆಂಗಸು ಹಳ್ಳಿಯ ಬೀದಿಯಲ್ಲಿ ಸಿಗುವುದಿಲ್ಲ, ಅಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಮುಂದಿನ ಸೆಮಿಸ್ಟರ್‌ನಲ್ಲಿ ಇದನ್ನು ಸೇರಿಸುತ್ತಿದ್ದೇನೆ. ಕನ್ನಡದಲ್ಲಿ ಸಾಲು ಸಾಲಾಗಿ ಮಾಡಿಕೊಳ್ಳುವ ಕೆಲಸವನ್ನು ಆ ಇಬ್ಬರಿಗೇ ವಹಿಸಿದ್ದೇನೆ.